ಹುಗಿದಿಟ್ಟ ಬಿಲ್ಲೆ

ಪಿಕಪ್ಪಿನಿಂದ ಇಳಿದು ಹುಲ್ಲುಗಾವಲಿನ ಕಡೆ ಕಣ್ಣು ಹಾಯಿಸಿದ ಡ್ಯೂಯಿ ಬ್ರೀಡನ್‌ನ ಎದೆ ಧಸಕ್ಕೆಂದಿತು. ನಿನ್ನೆ ಇದ್ದ ಬೇಲಿ ಇವತ್ತು ಅಲ್ಲಿರಲಿಲ್ಲ.

ಬೇಲಿಯೇನೋ ಇತ್ತು. ಆದರೆ ಇರಬೇಕಾದ ಜಾಗ ಬಿಟ್ಟು ದಿಬ್ಬದ ಆಚೆ ಹೋಗಿ ನಿಂತಿತ್ತು. ಅದೇ ಬಿಳಿ ಪ್ಲಾಸ್ಟಿಕ್ ಗೂಟಗಳು, ಅದೇ ಕರೆಂಟಿನ ತಂತಿ. ನಿನ್ನೆ ಸಂಜೆ ಒಂದು ಕರುವೂ ಇಲ್ಲದೆ ಮೊಣಕಾಲೆತ್ತರ ಹುಲ್ಲು ನಿಂತಿದ್ದ ಕಡೆ ಇವತ್ತು ಹಸುಗಳ ಹಿಂಡೇ ನುಗ್ಗಿ ಮೇಯುತ್ತಿತ್ತು, ತುಳಿಯುತ್ತಿತ್ತು, ಮಿಕ್ಕ ಕೆಲಸಗಳನ್ನೂ ಮಾಡುತ್ತಿತ್ತು.

"ಏನೋ, ದೆವ್ವ ನೋಡ್ದೋರ ಥರ ನಿಂತ್ಬಿಟ್ಟೆ?" ಇನ್ನೊಂದು ಬಾಗಿಲಿನಿಂದ ಲಾನಿ ಟ್ಯಾಲಿ ಇಳಿಯುತ್ತಾ ಕೇಳಿದ. ಮಂಡಿನೋವಿನ ಲಾನಿ ಗಾಡಿಯಿಂದ ಇಳಿಯುವುದೇ ಒಂದು ಕಾರ್ಯಕ್ರಮ. ಮೊದಲು ಒಂದು ಕಾಲು, ಆಮೇಲೊಂದು ಬೈಗುಳ, ಆಮೇಲೆ ಇನ್ನೊಂದು ಕಾಲು.

"ಏನಿಲ್ಲ. ಹಸು ಜಾಸ್ತಿ ಇದಾವಲ್ಲ ಅಂತ."

"ಹಸು ಹೊಲದಲ್ಲಿರ್ದೆ ನಿನ್ ಕಾರ್ ಅಂಗ್ಡೀಲಿರ್ತಾವಾ?"

ಡ್ಯೂಯಿ, ಕಲ್ಪೆಪರ್ ಎಂಬ ಊರಿನಲ್ಲಿ ಹಳೇ ಕಾರು ಮಾರುವವನು. ಲಾನಿ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಹತ್ತು ಹನ್ನೆರಡು ವರ್ಷಗಳಿಂದ ಶನಿವಾರ ಬಂತೆಂದರೆ ಇಬ್ಬರೂ ನೆಲದಡಿಯ ಲೋಹ ಪತ್ತೆಹಚ್ಚುವ ಡಿಟೆಕ್ಟರ್ ಯಂತ್ರ ಹೆಗಲಿಗೇರಿಸಿಕೊಂಡು ಯಾರದಾದರೂ ಹೊಲದಲ್ಲಿ ಹಾಜರು. ನೂರೈವತ್ತು ವರ್ಷಕ್ಕೂ ಹಿಂದೆ, ಉತ್ತರ ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ಕಾಲದಲ್ಲಿ, ಉತ್ತರದವರ ಸೇನೆ ಒಂದು ಚಳಿಗಾಲ ಪೂರ್ತಿ ಈ ಕೌಂಟಿಯಲ್ಲಿ ಬೀಡುಬಿಟ್ಟಿತ್ತು. ಆ ಸಿಪಾಯಿಗಳೋ ಮಹಾ ಮರೆಗುಳಿಗಳು. ಸೀಸದ ಗುಂಡು, ಕೋಟಿನ ಬಟನ್ನು, ಚಮಚ, ಕುದುರೆಯ ಲಾಳ ಎಲ್ಲವನ್ನೂ ಅಲ್ಲಲ್ಲೇ ಬೀಳಿಸಿಕೊಂಡು ಹೋಗಿದ್ದಾರೆ. ಅದನ್ನೆಲ್ಲ ಹೆಕ್ಕುವುದೇ ಇವರಿಬ್ಬರ ಶನಿವಾರ.

ಲಾನಿಯ ಮನೆಯಲ್ಲಿ ಗುಂಡು, ಬಟನ್ನುಗಳ ಸೀಸೆಗಳು ಸಾಲಾಗಿ ನಿಂತಿವೆ. ಆದರೆ ಒಂದು ವಸ್ತು ಮಾತ್ರ ಅವನ ಕೈಗೆ ಸಿಕ್ಕಿಲ್ಲ: ಸಿಪಾಯಿಯ ಸೊಂಟದ ಬೆಲ್ಟಿಗೆ ಹಾಕುತ್ತಿದ್ದ, ಯು.ಎಸ್. ಎಂದು ಅಚ್ಚೊತ್ತಿದ ಹಿತ್ತಾಳೆಯ ಬಿಲ್ಲೆ. ಮೊಟ್ಟೆಯಾಕಾರ, ಹಿಂಬದಿಗೆ ಸೀಸ ಎರೆದ ತೂಕದ ಬಿಲ್ಲೆ. ಈ ಹವ್ಯಾಸದವರ ಲೆಕ್ಕದಲ್ಲಿ ಅದೊಂದು ಸಿಕ್ಕರೆ ಜನ್ಮ ಸಾರ್ಥಕ. ಡ್ಯೂಯಿಗೆ ಎರಡು ಸಿಕ್ಕಿದ್ದವು, ಎರಡೂ ಸಲ ಲಾನಿ ಪಕ್ಕದಲ್ಲೇ ನಿಂತು ಚಪ್ಪಾಳೆ ತಟ್ಟಿದ್ದ. ಎರಡನೇ ಸಲದ ಚಪ್ಪಾಳೆಯ ಸದ್ದು ಸ್ವಲ್ಪ ಕಡಿಮೆಯಿತ್ತು ಎಂಬುದು ಡ್ಯೂಯಿಗೂ ಗೊತ್ತಾಗಿತ್ತು.

ಕಳೆದ ವಾರ ಲಾನಿ ಇದ್ದಕ್ಕಿದ್ದಂತೆ ಹೇಳಿದ್ದ: "ಸಾಕಪ್ಪ. ಬರೋ ಶನಿವಾರಾನೇ ಕೊನೆ. ಯಂತ್ರ ನನ್ ಭಾಮೈದ ವೇಡ್ ತಗೋತಾನಂತೆ. ಅವನ್ ದೋಣೀಲಿ ಕೂತ್ಕೊಂಡು ಮೀನ್ ಹಿಡೀತೀನಿ. ಮೀನಾದ್ರೆ ಮಂಡಿ ಊರಿ ಅಗೀಬೇಕಾಗಿಲ್ಲ."

ಡ್ಯೂಯಿ ಆಗ ನಕ್ಕುಬಿಟ್ಟಿದ್ದ. ಮನೆಗೆ ಹೋದ ಮೇಲೆ ನಗು ಉಳಿಯಲಿಲ್ಲ. ಎರಡು ಮದುವೆ ಮಾಡಿಕೊಂಡು ಎರಡನ್ನೂ ಮುರಿದುಕೊಂಡವನು ಅವನು. ವಾರವಿಡೀ ಗಿರಾಕಿಗಳ ಜೊತೆ ಹಲ್ಲು ಕಿರಿಯುವವನಿಗೆ, ಮನಸ್ಸು ಬಿಚ್ಚಿ ಜಗಳವಾಡಲು ಇದ್ದದ್ದು ಲಾನಿ ಒಬ್ಬನೇ. ಲಾನಿ ಇಲ್ಲದ ಶನಿವಾರವನ್ನು ಅವನು ಎಷ್ಟು ಯೋಚಿಸಿದರೂ ಕಲ್ಪಿಸಿಕೊಳ್ಳಲಾಗಲಿಲ್ಲ. ಒಂದೇ ಒಂದು ಬಿಲ್ಲೆ ಸಿಕ್ಕಿಬಿಟ್ಟರೆ ಈ ಮನುಷ್ಯ ದೋಣಿ ಹತ್ತುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು.

ಹಾಗಾಗಿ ನಿನ್ನೆ ಸಂಜೆ ಅಂಗಡಿ ಬೇಗ ಮುಚ್ಚಿ, ಗೋಡೆಯ ಗಾಜಿನ ಚೌಕಟ್ಟಿನಿಂದ ತನ್ನದೊಂದು ಬಿಲ್ಲೆ ಬಿಚ್ಚಿ, ಅದಕ್ಕೆ ಕೆಸರು ಮೆತ್ತಿ, ಈ ಹೊಲದ ಒಡತಿ ಮಿಸ್ ಓಪಲ್ ಅವರ ಹುಲ್ಲುಗಾವಲಿಗೆ ತಂದು ಹುಗಿದಿದ್ದ. ಇದು ಹೇಳಿಕೊಳ್ಳುವಂಥ ಕೆಲಸವಲ್ಲ. ಹೊಲದಲ್ಲಿ ಹಳೇ ವಸ್ತು ಬಿತ್ತುವವನಿಗೆ ಇವರ ಜನರಲ್ಲಿ ಕಳ್ಳನಿಗಿರುವಷ್ಟೂ ಮರ್ಯಾದೆಯಿಲ್ಲ. ಒಬ್ಬ ಬಿತ್ತಿದರೆ ಎಲ್ಲರಿಗೆ ಸಿಕ್ಕಿದ್ದೂ ಅನುಮಾನಕ್ಕೆ ಬರುತ್ತದೆ. ಗೊತ್ತಿದ್ದೂ ಡ್ಯೂಯಿ ಬಿತ್ತಿದ. ಹುಲ್ಲಿನ ಹೆಂಟೆಯನ್ನು ಬೇರು ಸಮೇತ ಎತ್ತಿ, ಬಿಲ್ಲೆ ಇಟ್ಟು, ಮತ್ತೆ ಮುಚ್ಚಿ, ಗುರುತಿಗೆ ಬೇಲಿಯ ಮೂಲೆಯಿಂದ ಮೂರನೇ ಗೂಟವನ್ನು ಮನಸ್ಸಿನಲ್ಲಿಟ್ಟುಕೊಂಡ. ಗೂಟದಿಂದ ಒಂದು ಹೆಜ್ಜೆ ಆಚೆ. ಸುತ್ತ ಮರವೆಲ್ಲಿದೆ, ಬಂಡೆಯೆಲ್ಲಿದೆ ಎಂದು ತಲೆಯೆತ್ತಿ ಕೂಡ ನೋಡಲಿಲ್ಲ. ಬೇಲಿ ಎಲ್ಲಿಗೆ ಹೋದೀತು?

ಹೋಗಿತ್ತು. ಮಿಸ್ ಓಪಲ್ ಈ ಚಳಿಗಾಲದಿಂದ ಹುಲ್ಲನ್ನು ಪಟ್ಟಿ ಪಟ್ಟಿಯಾಗಿ ಮೇಯಿಸುವ ಪದ್ಧತಿ ಹಿಡಿದಿದ್ದರು. ದಿನಾ ಬೆಳಿಗ್ಗೆ ಗೂಟಗಳನ್ನು ಕಿತ್ತು ಮುಂದಕ್ಕೆ ನೆಡುವುದು, ಹಸುಗಳಿಗೆ ಹೊಸ ಪಟ್ಟಿ ಬಿಡುವುದು. ಊರಿನಲ್ಲಿ ಕಾರು ಮಾರುವವನಿಗೆ ಇದೆಲ್ಲಿ ತಿಳಿಯಬೇಕು.

"ನಡಿ ನಡಿ," ಎಂದು ಡ್ಯೂಯಿ ಧೈರ್ಯ ತಂದುಕೊಂಡು ಯಂತ್ರ ಕೈಗೆತ್ತಿಕೊಂಡ. "ನೀನೇ ಮುಂದೆ ಹೋಗು. ಹಸುಗಳಿದಾವಲ್ಲ, ಆ ಕಡೆ."

ಲಾನಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಹುಷಾರಾಗಿದೀಯ ತಾನೇ?"

"ಯಾಕೆ?"

"ಇಷ್ಟ್ ವರ್ಷದಲ್ಲಿ ಯಾವತ್ತಾದ್ರೂ ನನ್ನನ್ನ ಮುಂದೆ ಹೋಗೋಕೆ ಬಿಟ್ಟಿದೀಯ? ಗಾಡಿ ನಿಲ್ಲೋಕ್ ಮುಂಚೇನೇ ಹಾರ್ಕೊಂಡು ಒಳ್ಳೇ ಜಾಗ ಎಲ್ಲಾ ಗುಡಿಸ್ಬಿಡ್ತಿದ್ದೆ."

"ಕೊನೇ ದಿನ ಅಲ್ವಾ, ಪಾಪ ಅಂತ."

"ಹಾಳಾಗ್ ಹೋಗ್ಲಿ ನಿನ್ ಪಾಪ," ಎಂದ ಲಾನಿ. ಆದರೂ ಮುಂದೆ ನಡೆದ.

ಮಾರ್ಚ್ ತಿಂಗಳ ಬಿಸಿಲು ಹಿತವಾಗಿತ್ತು. ಹಳ್ಳದ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಇಬ್ಬರೂ ಕಿವಿಗೆ ಹೆಡ್‌ಫೋನು ಏರಿಸಿ, ಯಂತ್ರದ ತಟ್ಟೆಯನ್ನು ನೆಲಕ್ಕೆ ತಾಗುವಂತೆ ಎಡಕ್ಕೂ ಬಲಕ್ಕೂ ಬೀಸುತ್ತ ಹೊರಟರು. ಕಬ್ಬಿಣವಿದ್ದರೆ ಯಂತ್ರ ಗೊರ್ ಎನ್ನುತ್ತದೆ, ಹಿತ್ತಾಳೆಯೋ ಸೀಸವೋ ಆದರೆ ಸ್ವರ ಮೇಲೇರುತ್ತದೆ. ಆ ಮೇಲಿನ ಸ್ವರ ಕೇಳಿದಾಗೆಲ್ಲ ಲಾನಿ ಬೈಯುತ್ತಾ ಮಂಡಿಯೂರುತ್ತಿದ್ದ. ಡ್ಯೂಯಿ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಹೊರಗೆ ಬರುತ್ತಿದ್ದದ್ದು ಮಾತ್ರ ಬೇಟೆಗಾರರ ಕಾಡತೂಸಿನ ತಳ, ಸೋಡಾ ಡಬ್ಬಿಯ ಮುಚ್ಚಳ, ಬಿಟ್ಟರೆ ಒಂದೆರಡು ಸೀಸದ ಗುಂಡು.

"ಇನ್ ಸ್ವಲ್ಪ ಎಡಕ್ಕೆ," ಎನ್ನುತ್ತಿದ್ದ ಡ್ಯೂಯಿ. ಸ್ವಲ್ಪ ಹೊತ್ತಾದ ಮೇಲೆ, "ಅಲ್ಲ, ಬಲಕ್ಕೆ ನೋಡು. ಆ ಹಸು ಪಕ್ಕ."

"ಯಾವ ಹಸು?"

"ಆ ಕೆಂಪು ಹಸು."

"ಅದು ನಡ್ಕೊಂಡು ಹೋಗ್ತಿದೆ ಕಣೋ. ನಾನೂ ಹಿಂದೆ ಹೋಗ್ಲಾ?"

ಹುಲ್ಲು ಕ್ಷಣಕ್ಷಣಕ್ಕೂ ಗಿಡ್ಡವಾಗುತ್ತಿತ್ತು. ಗೊರಸಿನ ಗುರುತುಗಳ ನಡುವೆ ತಾನು ಮುಚ್ಚಿದ ಹೆಂಟೆ ಯಾವುದೆಂದು ಕಂಡುಹಿಡಿಯುವುದು ದೇವರಿಗೂ ಸಾಧ್ಯವಿರಲಿಲ್ಲ. ಎಡ ಬಲ ಕೇಳಿ ಕೇಳಿ ಲಾನಿಗೆ ರೇಗಿತು. ಬೂಟಿನ ತುಂಬ ಸಗಣಿ ಮೆತ್ತಿಕೊಂಡು, "ನಿನ್ ಉಸಾಬರಿ ಸಾಕು, ನಾನು ಹಳ್ಳದ್ ಕಡೆ ಹೋಗ್ತೀನಿ" ಎಂದು ತಿರುಗಿದ.

ಡ್ಯೂಯಿ ಅಡ್ಡ ನಿಂತ. "ಅಲ್ಲಿ ಏನಿದೆ ಮಣ್ಣು! ನಾವೇ ಎಷ್ಟ್ ಸಲ ಗುಡಿಸಿಲ್ಲ ಅಲ್ಲಿ? ಒಂದ್ ಮೊಳೇನೂ ಬಿಟ್ಟಿಲ್ಲ. ಬೇಡ ಕಣೋ, ಹೇಳ್ದಷ್ಟು ಕೇಳು."

"ಬೇಡ ಅಂದ್ಯಲ್ಲ, ಈಗ ಹೋಗೇ ಹೋಗ್ತೀನಿ," ಎಂದು ಲಾನಿ ಕುಂಟುತ್ತಾ ಇಳಿಜಾರಿಗೆ ಇಳಿದೇಬಿಟ್ಟ.

ಡ್ಯೂಯಿ ಹಸುಗಳ ನಡುವೆ ಒಬ್ಬನೇ ಉಳಿದ. ತಾನೇ ಹುಡುಕಿ ಲಾನಿಯನ್ನು ಕೂಗಿ ಕರೆದರಾಯಿತು ಎಂದುಕೊಂಡು ಹಿಂದೆ ಮುಂದೆ ಬೀಸತೊಡಗಿದ. ಎಷ್ಟು ಬೀಸಿದರೂ ಗೊರ್, ಗೊರ್. ಅಷ್ಟರಲ್ಲಿ ಹೆಡ್‌ಫೋನನ್ನೂ ಸೀಳಿಕೊಂಡು ಬಂತು ಒಂದು ಕೂಗು:

"ಡ್ಯೂಯೀ! ಲೋ ಡ್ಯೂಯೀ! ಬಾರೋ! ಬೇಗ ಬಾರೋ!"

ಹಾವು ಕಚ್ಚಿತೇನೋ ಎಂದು ಡ್ಯೂಯಿ ಓಡಿದ. ಹಳ್ಳದ ದಂಡೆಯ ಜವುಗಿನಲ್ಲಿ ಲಾನಿ ಮಂಡಿಯೂರಿ ಕೂತಿದ್ದ. ಎರಡೂ ಕೈ ಸೇರಿಸಿ ಏನನ್ನೋ ಹಿಡಿದಿದ್ದ. ಬೆರಳ ಸಂದಿಯಲ್ಲಿ ಹಸಿರುಗಟ್ಟಿದ ಹಿತ್ತಾಳೆಯ ಅಂಚು ಕಂಡಿತು.

ಇಷ್ಟು ದೂರ ಬಂದು ಹುಗಿದೆನೇ ಎಂದು ಡ್ಯೂಯಿ ತನ್ನನ್ನೇ ಕೇಳಿಕೊಂಡ. ಇರಲಿ, ಸಿಕ್ಕಿತಲ್ಲ. ಬೆಳಿಗ್ಗೆ ಕನ್ನಡಿ ಮುಂದೆ ಅಭ್ಯಾಸ ಮಾಡಿಟ್ಟುಕೊಂಡಿದ್ದ ಆಶ್ಚರ್ಯದ ಮುಖ ಹಾಕಿಕೊಂಡು ಬಗ್ಗಿ ನೋಡಿದ. ನೋಡಿದವನ ಬಾಯಿ ನಿಜವಾಗಿಯೂ ತೆರೆದುಕೊಂಡಿತು.

ಅದು ಅವನ ಬಿಲ್ಲೆಯಲ್ಲ. ಅವನದರ ಮೇಲೆ ಎಸ್ ಅಕ್ಷರಕ್ಕೆ ಅಡ್ಡವಾಗಿ ಒಂದು ಗೀರು ಇತ್ತು. ಅಗೆಯುವಾಗ ಅವನದೇ ಸಲಿಕೆ ಮಾಡಿದ ಗಾಯ ಅದು. ಲಾನಿಯ ಕೈಯಲ್ಲಿದ್ದದ್ದಕ್ಕೆ ಒಂದು ಗೀರಿಲ್ಲ, ಅಂಚು ಮುಕ್ಕಾಗಿಲ್ಲ, ಹಿಂಬದಿಯ ಕೊಕ್ಕೆಗಳೂ ಭದ್ರವಾಗಿವೆ. ಇದು ಯಾರೂ ಬಿತ್ತದ ಬಿಲ್ಲೆ. ಯಾವನೋ ಸಿಪಾಯಿ ಹಳ್ಳದಲ್ಲಿ ಸ್ನಾನಕ್ಕಿಳಿದು ಬಿಟ್ಟುಹೋದದ್ದು.

"ಲಾನೀ..." ಡ್ಯೂಯಿ ಅವನ ಪಕ್ಕದಲ್ಲೇ ಮಂಡಿಯೂರಿದ.

"ನೋಡ್ದಾ? ನೋಡ್ದಾ?" ಲಾನಿ ಅಳುತ್ತಿದ್ದಾನೋ ನಗುತ್ತಿದ್ದಾನೋ ಗೊತ್ತಾಗುತ್ತಿರಲಿಲ್ಲ. "ಏನೂ ಇಲ್ಲ ಅಂದ್ಯಲ್ಲೋ ಮುಠ್ಠಾಳ!"

ಹಳೇ ಹಿತ್ತಾಳೆಯನ್ನು ಹೊಲದಲ್ಲಿ ಒರೆಸಬಾರದು ಎಂದು ಡಿಟೆಕ್ಟರ್ ಹವ್ಯಾಸಿಗಳ ಕ್ಲಬ್ಬಿಗೆ ಹೊಸದಾಗಿ ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದ ಲಾನಿ, ಅಂಗಿಯ ತುದಿಗೆ ಬಿಲ್ಲೆಯನ್ನು ಗಸಗಸ ಉಜ್ಜಿದ. ಆಮೇಲೆ, ಇನ್ನು ಕುಣಿದಾಡುವುದೊಂದೇ ಬಾಕಿ ಎನ್ನುವಾಗಲೂ ನಿಯಮ ಮರೆಯದೆ, ಗುಂಡಿಗೆ ಮಣ್ಣು ತುಂಬಿ, ಹೆಂಟೆ ಮುಚ್ಚಿ, ಬೂಟಿನಿಂದ ತುಳಿದು ಸಮ ಮಾಡಿದ. ಎಷ್ಟು ಚೆನ್ನಾಗಿ ಮಾಡಿದನೆಂದರೆ ಅಲ್ಲಿ ಅಗೆದದ್ದೇ ಸುಳ್ಳು ಎನ್ನುವಂತಿತ್ತು.

ಡ್ಯೂಯಿಗೆ ಎಂಥ ಸಂತೋಷವಾಯಿತೆಂದರೆ, ಆ ಸಂತೋಷದಲ್ಲಿ ತನ್ನ ಬಿಲ್ಲೆ ಮಣ್ಣಿನಲ್ಲೇ ಉಳಿದಿದೆ ಎಂಬುದೂ ಮರೆತುಹೋಯಿತು. ದೇವರು ತನ್ನ ಕಳ್ಳತನವನ್ನು ಮನ್ನಿಸಿ ಅಸಲಿಯನ್ನೇ ಕೊಟ್ಟನಲ್ಲ ಎಂದುಕೊಂಡ. ಸಂಜೆಯವರೆಗಾದರೂ ಹಾಗೆ ಅಂದುಕೊಂಡಿರಲು ಆ ದೇವರು ಬಿಡಬಾರದಿತ್ತೇ?

ಇವರಲ್ಲಿ ಇನ್ನೊಂದು ಪದ್ಧತಿಯಿದೆ. ಏನಾದರೂ ದೊಡ್ಡದು ಸಿಕ್ಕರೆ ಅದನ್ನು ಎಲ್ಲರಿಗಿಂತ ಮೊದಲು ಹೊಲದ ಒಡೆಯರಿಗೆ ತೋರಿಸಬೇಕು. ಇಬ್ಬರೂ ಮನೆಯ ಕಡೆ ನಡೆದರು. ಮುಂದೆ ಲಾನಿ, ಅವನ ಮಂಡಿನೋವು ಎತ್ತ ಹೋಗಿತ್ತೋ.

ಮಿಸ್ ಓಪಲ್ ಜಗಲಿಯ ಮೇಜಿನ ಮೇಲೆ ಹಂದಿಮಾಂಸ ಇಟ್ಟ, ಬಿಸ್ಕಿಟ್ಟು ಎಂದು ಇಲ್ಲಿಯವರು ಕರೆಯುವ ಬಿಸಿ ಬನ್ನುಗಳನ್ನೂ ಸಿಹಿ ಐಸ್ ಟೀಯನ್ನೂ ಜೋಡಿಸುತ್ತಿದ್ದರು. ವಯಸ್ಸು ಎಂಬತ್ತರ ಹತ್ತಿರ. ಇನ್ನೂ ಹಸು, ಬೇಲಿ, ಚರ್ಚಿನ ಲೆಕ್ಕ ಎಲ್ಲಾ ಅವರದೇ. ಕನ್ನಡಕ ಏರಿಸಿ ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಅಬ್ಬಾ, ಎಷ್ಟ್ ಚೆನ್ನಾಗಿದೆಯಪ್ಪಾ! ಡ್ಯೂಯಿ, ನಿನ್ನೆ ನೀನು ಹುಡುಕ್ತಿದ್ದದ್ದು ಇದನ್ನೇನಾ?"

ಡ್ಯೂಯಿಯ ಕೈಯಲ್ಲಿದ್ದ ಬಿಸ್ಕಿಟ್ಟು ಬಾಯಿಗೆ ಹೋಗದೆ ನಿಂತಿತು.

"ನಿನ್ನೆ?" ಎಂದ ಲಾನಿ.

"ಹೂಂ ಕಣಪ್ಪ. ಸಂಜೆ ಒಬ್ನೇ ಬಂದಿದ್ದ. ಎಷ್ಟೊತ್ತು ಮಂಡಿ ಊರಿ ಕೂತಿದ್ದ ಅಂತೀಯ! ನಾನು ಅಡುಗೆಮನೆ ಕಿಟಕೀಲಿ ನೋಡ್ತಾನೇ ಇದ್ದೆ. ಅಂತೂ ಇವನಿಗೂ ದೇವ್ರ ನೆನಪಾಯ್ತಲ್ಲ, ಪ್ರಾರ್ಥನೆ ಮಾಡ್ಲಿ ಅಂತ ಕರೀಲಿಲ್ಲ."

ಲಾನಿ ಡ್ಯೂಯಿಯನ್ನು ನೋಡಿದ. ಬೆಳಗಿನಿಂದ ನಡೆದದ್ದೆಲ್ಲ, ಆ 'ನೀನೇ ಮುಂದೆ ಹೋಗು', ಆ 'ಎಡಕ್ಕೆ', ಆ 'ಬಲಕ್ಕೆ', ಒಂದೊಂದಾಗಿ ಅವನ ಮುಖದ ಮೇಲೆ ಹಾದುಹೋದವು. ಅವನ ಮುಖ ಸಣ್ಣದಾಯಿತು. ಬಿಲ್ಲೆಯನ್ನು ಮೇಜಿನ ಮೇಲೆ, ಡ್ಯೂಯಿಯ ತಟ್ಟೆಯ ಪಕ್ಕ ಇಟ್ಟ.

"ತಗೋ ನಿನ್ದು."

"ಇದು ನನ್ದಲ್ಲ! ದೇವ್ರಾಣೆ ನನ್ದಲ್ಲ!"

"ನಿನ್ನೆ ಬಂದಿರ್ಲಿಲ್ವಾ?"

"ಬಂದಿದ್ದೆ. ಹುಗ್ದಿದ್ದೆ. ಹುಗ್ದದ್ದು ನಿಜ ಮಾರಾಯ. ಆದ್ರೆ ಆ ಗೀರಿರೋದನ್ನ ಹುಗ್ದಿದ್ದು. ಇದು ಬೇರೆ. ಇದು ಅಸಲಿ!"

"ಹಳೇ ಸಾಮಾನಿನ ಮೇಳದಲ್ಲಿ ಹೊಸ್ದಾಗಿ ಒಂದು ಕೊಂಡ್ಕೊಂಡು ಬಂದಿರ್ತೀಯ. ನೀನು ಅಂದ್ರೆ ನನಗೆ ಗೊತ್ತಿಲ್ವಾ?"

"ಹಳ್ಳದ ಕಡೆ ಹೋಗ್ಬೇಡ ಅಂತ ಬಡ್ಕೊಂಡೆನಲ್ಲೋ!"

"ಆ ಕಾರು ನಿಮಗೆ ಬೇಡ ಬಿಡಿ ಸಾರ್ ಅಂತ್ಹೇಳಿ ಅದೇ ಕಾರು ತಲೆಗೆ ಕಟ್ಟೋನು ನೀನು."

"ನನ್ ಮುಖ ನೋಡ್ಲಿಲ್ವಾ ಆಗ? ಅಂಥ ನಾಟಕ ಆಡೋಕೆ ಬರುತ್ತಾ ನನಗೆ?"

"ಹೊಟ್ಟೆಪಾಡಿಗೆ ಇನ್ನೇನ್ ಮಾಡ್ತೀಯ ನೀನು?"

ಜೀವಮಾನವಿಡೀ ಸುಳ್ಳನ್ನು ಸಲೀಸಾಗಿ ಮಾರಿದ ಡ್ಯೂಯಿಗೆ ಒಂದೇ ಒಂದು ಸತ್ಯವನ್ನು ಬಿಟ್ಟಿಯಾಗಿ ಕೊಡಲೂ ಆಗುತ್ತಿರಲಿಲ್ಲ. ಮನೆಗೆ ಬಂದು ಚೌಕಟ್ಟು ನೋಡು, ಗೀರಿರುವುದರ ಜಾಗ ಖಾಲಿಯಿದೆ ಎಂದ. ಖಾಲಿ ಜಾಗ ತೋರಿಸಿದರೆ ಏನು ಸಾಬೀತಾಯಿತು ಎಂದು ಲಾನಿ ಕೇಳಿದ. ಗುಂಡಿಯ ಮಣ್ಣು ಎಷ್ಟು ಗಟ್ಟಿಯಿತ್ತು, ಬೇರು ಹೇಗೆ ಹೆಣೆದುಕೊಂಡಿತ್ತು ನೆನಪು ಮಾಡಿಕೋ ಎಂದ ಡ್ಯೂಯಿ. ಆ ಗಡಿಬಿಡಿಯಲ್ಲಿ ಬೇರು ಯಾರು ನೋಡಿದರು ಎಂದ ಲಾನಿ. ಆ ಗುಂಡಿಯನ್ನೋ ಅವನೇ ಮುಚ್ಚಿ ತುಳಿದು ಬಂದಿದ್ದಾನೆ. ಬಿಲ್ಲೆಗೆ ಅಂಟಿದ್ದ ಹಳೇ ಮಣ್ಣು ಅವನ ಅಂಗಿಯ ತುದಿಯಲ್ಲಿದೆ.

ಕೊನೆಗೆ ಲಾನಿ ಮೆಲ್ಲಗೆ ಹೇಳಿದ: "ಸಿಟ್ಟಿಲ್ಲ ಕಣೋ. ಒಳ್ಳೇದಕ್ಕೇ ಮಾಡಿದೀಯ. ಆದ್ರೆ ಒಂದ್ ಗಂಟೆ ನಾನು ರಾಜ ಆಗಿದ್ದೆ."

ಡ್ಯೂಯಿ ದಡಕ್ಕನೆ ಎದ್ದ. ಈ ಮಾತು ಅವನಿಗೆ ತಡೆಯಲಾಗಲಿಲ್ಲ. ಲಾನಿಗೆ ಸಿಕ್ಕಿದ್ದು ಅಸಲಿಯೆಂದು ತೋರಿಸಲು ದಾರಿ ಒಂದೇ: ತಾನು ಹುಗಿದದ್ದನ್ನು ಅದೇ ಮಣ್ಣಿನಿಂದ ಎತ್ತಿ ತೋರಿಸಬೇಕು.

"ಮಿಸ್ ಓಪಲ್, ನಿನ್ನೆ ನಾನು ಎಲ್ಲಿ ಕೂತಿದ್ದೆ?"

"ಬೇಲಿ ಹತ್ರ."

"ಆ ಬೇಲಿ ಎಲ್ಲಿತ್ತು?"

"ಅಯ್ಯೋ ನನ್ನಪ್ಪ, ದಿನಾ ಕಿತ್ತು ನೆಡೋಳಿಗೆ ನಿನ್ನೇದ್ಯಾವ್ದು ಮೊನ್ನೇದ್ಯಾವ್ದು ಅಂತ ನೆನಪಿರುತ್ತಾ? ಬೆಳಿಗ್ಗೆ ಬಂದಾಗ ಹುಲ್ಲಿನ ಎತ್ತರ ನೋಡಿದ್ರೆ ನಿನಗೇ ತಿಳೀತಿತ್ತು. ಈಗ ಹಸುಗಳು ಎಲ್ಲಾ ಒಂದೇ ಸಮ ಮಾಡಿರ್ತವೆ."

ಮಾಡಿದ್ದವು. ಡ್ಯೂಯಿ ಮತ್ತೆ ಹೊಲಕ್ಕಿಳಿದಾಗ ಇಡೀ ದಿಬ್ಬ ಕ್ಷೌರದಂಗಡಿಯಿಂದ ಎದ್ದು ಬಂದಂತಿತ್ತು. ಅಂದಾಜಿನ ಮೇಲೆ ಒಂದು ಸಾಲು ಹಿಡಿದು ಬೀಸುತ್ತ ಹೊರಟ. ಲಾನಿ ಪಿಕಪ್ಪಿನ ಹಿಂಬದಿಯ ಹಲಗೆ ಇಳಿಸಿ, ಟೀ ಲೋಟ ಹಿಡಿದು, ಕಾಲು ಜೋತಾಡಿಸಿಕೊಂಡು ಕೂತ. ಮಿಸ್ ಓಪಲ್ ಹಟ ಮಾಡಿ ಅವನ ಅಂಗಿಯ ಜೇಬಿಗೇ ಬಿಲ್ಲೆ ಹಾಕಿ ಕಳಿಸಿದ್ದರು. ಅವನ ಕೈ ಆಗಾಗ ಜೇಬಿನ ಮೇಲೆ ಹೋಗುತ್ತಿತ್ತು. ತೆಗೆದು ಮಾತ್ರ ನೋಡುತ್ತಿರಲಿಲ್ಲ.

"ಸಿಕ್ತಾ?" ಎಂದು ಕೂಗುತ್ತಿದ್ದ.

"ಇನ್ನೂ ಇಲ್ಲ."

"ಇಲ್ದೇ ಇರೋದು ಎಲ್ಲಿಂದ ಸಿಗುತ್ತೆ!"

ಡ್ಯೂಯಿ ಅಗೆದದ್ದೇ ಅಗೆದದ್ದು. ಮುರಿದ ಲಾಳ ಬಂತು, ಟ್ರ್ಯಾಕ್ಟರಿನ ನಟ್ಟು ಬಂತು, ಯಾರದೋ ಕಾಲದ ಚಮಚದ ಹಿಡಿ ಬಂತು. ಬೇರೆ ದಿನವಾಗಿದ್ದರೆ ಆ ಹಿಡಿಗೇ ಇಬ್ಬರೂ ಅರ್ಧ ಗಂಟೆ ಜಗಳವಾಡುತ್ತಿದ್ದರು. ಬೆವರು ಇಳಿಯುತ್ತಿತ್ತು. ಕುತೂಹಲದ ಕರುವೊಂದು ಹಿಂದೆಯೇ ಬಂದು ಅವನ ಹೆಡ್‌ಫೋನಿನ ತಂತಿಯ ರುಚಿ ನೋಡಿತು.

ಬಿಸಿಲು ಇಳಿಯುವ ಹೊತ್ತಿಗೆ ಲಾನಿಗೆ ತಡೆಯಲಾಗಲಿಲ್ಲ. ಗೆಳೆಯನ ಮೇಲಿನ ಕನಿಕರಕ್ಕಿಂತ ಅವನ ಕೆಟ್ಟ ಕೆಲಸ ನೋಡಲಾಗದ ಸಂಕಟ ಅದು. "ತಟ್ಟೆ ಯಾಕೋ ಅಷ್ಟ್ ಮೇಲೆ ಎತ್ತಿ ಬೀಸ್ತೀಯ? ನೊಣ ಓಡಿಸ್ತಿದೀಯಾ? ಸರಿ ಆ ಕಡೆಗೆ!" ಎಂದು ತನ್ನ ಯಂತ್ರ ತಂದು ಪಕ್ಕದ ಸಾಲು ಹಿಡಿದ.

ಇಬ್ಬರೂ ಸಾಲು ಸಾಲಾಗಿ ಗುಡಿಸಿದರು. ಹೋಗುತ್ತಾ, ತಿರುಗುತ್ತಾ, ಬರುತ್ತಾ. ಡ್ಯೂಯಿಗೆ ಪಕ್ಕದಲ್ಲಿ ಲಾನಿಯ ಬೂಟಿನ ಸದ್ದು ಕೇಳುವುದು ಎಷ್ಟು ಹಿತವೆನಿಸಿತೆಂದರೆ, ಈ ಹೊಲ ಇನ್ನಷ್ಟು ಉದ್ದವಿರಬಾರದಿತ್ತೇ ಎಂದುಕೊಂಡ.

ಕಡೆಗೆ ಉಳಿದದ್ದು ಕೆಂಪು ಹಸು ಮಲಗಿದ್ದ ಜಾಗವೊಂದೇ. ಹಸು ಆರಾಮವಾಗಿ ಮೆಲುಕು ಹಾಕುತ್ತಿತ್ತು. ಏಳುವ ಲಕ್ಷಣವಿರಲಿಲ್ಲ. ಡ್ಯೂಯಿ ಚಪ್ಪಾಳೆ ತಟ್ಟಿದ, ಶಿಳ್ಳೆ ಹಾಕಿದ, ಕೈ ಮುಗಿದ. ಹಸು ಅವನನ್ನು ನೋಡಿ ಮತ್ತೆ ಬೇರೆ ಕಡೆ ತಿರುಗಿತು. ಮನೆಯ ಜಗಲಿಯ ದೀಪ ಹತ್ತಿತು. ರಾತ್ರಿಯೂಟದ ಹೊತ್ತಿಗೆ ಹೊಲ ಬಿಡಬೇಕೆಂಬುದು ಮಿಸ್ ಓಪಲ್ ಅವರ ಕಟ್ಟಪ್ಪಣೆ.

ಲಾನಿ ಹೆಡ್‌ಫೋನು ಕತ್ತಿಗಿಳಿಸಿದ. "ಬಿಡೋ. ನಾಳೆ ಬೆಳಿಗ್ಗೆ ಬೇಲಿ ಮುಂದಕ್ಕೆ ಹೋಗುತ್ತೆ, ಇವೂ ಹೋಗ್ತವೆ. ಮುಂದಿನ್ ಶನಿವಾರ ಬಂದು ನೋಡಿದ್ರಾಯ್ತು." ಹಾಗೆಂದು ಪಿಕಪ್ಪಿನ ಕಡೆ ತಿರುಗಿ ಹೊರಟ.

ಮುಂದಿನ ಶನಿವಾರ. ಡ್ಯೂಯಿ ಅಲ್ಲೇ ನಿಂತುಬಿಟ್ಟ. ತಾನು ಮೋಸ ಮಾಡಿ ಪಡೆಯಬೇಕೆಂದಿದ್ದದ್ದನ್ನು ಲಾನಿ ಬಾಯಿತಪ್ಪಿ ತಾನೇ ಕೊಟ್ಟಿದ್ದ. ಅದೇ ಹೊತ್ತಿಗೆ ಕೆಂಪು ಹಸುವಿಗೆ ಏನನ್ನಿಸಿತೋ, ಹಿಂಗಾಲು ಊರಿ ಎದ್ದು, ಮೈ ಕೊಡವಿ ನಡೆಯಿತು. ಡ್ಯೂಯಿ ಅಭ್ಯಾಸಬಲದಿಂದ ತಟ್ಟೆಯನ್ನು ಆ ಬೆಚ್ಚಗಿನ ನೆಲದ ಮೇಲೆ ಒಮ್ಮೆ ಬೀಸಿದ.

ಯಂತ್ರ ಹಾಡಿತು. ಇನ್ನೊಮ್ಮೆ ಬೀಸಿದ. ಅದೇ ಸ್ವರ, ದುಂಡಗೆ, ತುಂಬಿಕೊಂಡು. ಅವನಿಗೆ ಗೊತ್ತಾಯಿತು.

ಕೇಳಿಸಿದ್ದು ಅವನ ಕಿವಿಗೆ ಮಾತ್ರ. ಲಾನಿ ಬೆನ್ನು ಹಾಕಿ ನಡೆಯುತ್ತಿದ್ದ. ಸುಮ್ಮನಿದ್ದರೆ ಇನ್ನೊಂದು ಶನಿವಾರ ಗ್ಯಾರಂಟಿ. ಆಗಲೂ ಸಿಗದ ಹಾಗೆ ನೋಡಿಕೊಂಡರೆ ಅದರ ಮುಂದಿನದೂ. ಯಾರನ್ನೂ ನೋಯಿಸದ ಸುಳ್ಳು. ಇಂಥದ್ದನ್ನು ದಿನಕ್ಕೆ ಎಷ್ಟು ಹೇಳುತ್ತಾನೋ ಅವನಿಗೇ ಲೆಕ್ಕವಿಲ್ಲ. ನಿನ್ನೆಯ ಖಾತ್ರಿ ಈಗ ಉಳಿದಿರಲಿಲ್ಲ: ಈ ಬಿಲ್ಲೆ ಸಿಕ್ಕು, ಲಾನಿಯ ಆಸೆ ತೀರಿದರೆ, ಅವನು ಖುಷಿಯಾಗಿಯೇ ದೋಣಿ ಹತ್ತಬಹುದು.

ಅಷ್ಟರಲ್ಲಿ ಲಾನಿಯ ಕೈ ಮತ್ತೆ ಅಂಗಿಯ ಜೇಬಿನ ಮೇಲೆ ಹೋಗಿ, ಒಂದು ಗಳಿಗೆ ನಿಂತು, ಹಾಗೇ ಕೆಳಗಿಳಿಯಿತು.

"ಲಾನೀ!" ಡ್ಯೂಯಿ ಕೂಗಿದ. "ಸಲಿಕೆ ತಗೊಂಡ್ ಬಾ. ನೀನೇ ಅಗೆ. ನಾನು ಮುಟ್ಟಲ್ಲ."

ಲಾನಿ ಬಂದ. ಅನುಮಾನದಿಂದ ನೋಡಿ, ಬೈದು, ಮಂಡಿಯೂರಿದ. ಸಲಿಕೆಯ ಅಂಚು ತಗುಲುತ್ತಲೇ ಹೆಂಟೆ ಮುಚ್ಚಳದಂತೆ ಎದ್ದು ಬಂತು. ಕತ್ತರಿಸಿದ ಬೇರು, ಸಡಿಲ ಮಣ್ಣು, ಅದರ ನಡುವೆ ಮೊಟ್ಟೆಯಾಕಾರದ ಹಿತ್ತಾಳೆ. ಲಾನಿ ಹೆಬ್ಬೆರಳಿನಿಂದ ಮಣ್ಣು ಸರಿಸಿದ. ಎಸ್ ಅಕ್ಷರಕ್ಕೆ ಅಡ್ಡವಾಗಿ ಗೀರು.

ಅವನು ಬಿಲ್ಲೆಯನ್ನು ಡ್ಯೂಯಿಯ ಕೈಗೆ ಕೊಟ್ಟು, ಸಗಣಿ ಪಗಣಿ ನೋಡದೆ ನೆಲದ ಮೇಲೆ ಕೂತ. ಆಮೇಲೆ ಜೇಬಿನಿಂದ ತನ್ನದನ್ನು ತೆಗೆದ. ಮುಳುಗುವ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಅಕ್ಷರಗಳ ಮೇಲೆ ಬೆರಳಾಡಿಸಿದ. ಮಧ್ಯಾಹ್ನದಿಂದ ಮೊದಲ ಸಲ ಅದನ್ನು ಕಣ್ತುಂಬ ನೋಡುತ್ತಿದ್ದ.

"ಹಾಗಾದ್ರೆ ಇದು ನಂದೇ," ಎಂದ.

"ನಿಂದೇ ಕಣೋ."

"ನಾನೇ ಹುಡುಕಿದ್ದು."

"ನೀನೇ. ನಾನು ಬೇಡ ಬೇಡ ಅಂದ್ರೂ."

ಲಾನಿ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ಡ್ಯೂಯಿಗೆ ಒಂದು ಕಡೆ ಹೃದಯ ತುಂಬಿ ಬಂದಿತ್ತು, ಇನ್ನೊಂದು ಕಡೆ ಖಾಲಿಯಾಗಿತ್ತು. ಗುಂಡಿ ಮುಚ್ಚಿ ಹೆಂಟೆಯನ್ನು ತುಳಿಯುತ್ತಾ, ಸಾಧ್ಯವಾದಷ್ಟು ಹಗುರವಾಗಿ ಹೇಳಿದ: "ಸರಿ ಬಿಡು. ಬಂದ ಕೆಲ್ಸ ಆಯ್ತಲ್ಲ. ಇನ್ನು ಯಂತ್ರ ವೇಡ್‌ಗೆ ಕೊಟ್ಟು ಹಾಯಾಗಿ ಮೀನ್ ಹಿಡಿ."

ಲಾನಿ ಕೇಳಿಸಿಕೊಂಡಂತೆ ಕಾಣಲಿಲ್ಲ. ಹಳ್ಳದ ಕಡೆ ನೋಡುತ್ತಾ ಕೂತಿದ್ದ. ಹುಬ್ಬು ಗಂಟಿಕ್ಕಿತ್ತು.

"ಡ್ಯೂಯಿ, ಹಳ್ಳದಲ್ಲಿ ಸ್ನಾನ ಮಾಡೋಕೆ ಇಳಿದ ಆ ಸಿಪಾಯಿ ಬೆಲ್ಟ್ ಒಂದೇ ಬಿಚ್ಚಿ ಇಡ್ತಾನೇನೋ?"

"ಅಂದ್ರೆ?"

"ಮದ್ದುಗುಂಡಿನ ಚೀಲ? ಅದಕ್ಕೂ ಒಂದು ಬಿಲ್ಲೆ ಇರುತ್ತಲ್ಲ? ಬಟನ್ನು? ಎಲ್ಲಾ ಒಂದೇ ಕಡೆ ಗುಡ್ಡೆ ಹಾಕಿರ್ತಾನೆ. ಆ ಜವುಗಿನಲ್ಲಿ ನಾವು ಗುಡಿಸಿದ್ದೆಲ್ಲಾ ಮೇಲ್ಮೇಲೆ. ಇನ್ನೂ ಒಂದಡಿ ಕೆಳಗೆ ಇರ್ಬೇಕು." ಅವನ ಕಣ್ಣು ಹೊಳೆಯುತ್ತಿತ್ತು. "ಕೈ ಕೊಡು, ಎಬ್ಬಿಸು."

ಡ್ಯೂಯಿ ಕೈ ಕೊಟ್ಟ. ಒಂದು ಕಾಲು, ಒಂದು ಬೈಗುಳ, ಇನ್ನೊಂದು ಕಾಲು.

"ವೇಡ್‌ಗೆ ಏನ್ ಹೇಳ್ತೀಯ?"

"ಅವನಿಗೇನು, ಮೀನಿದಾವಲ್ಲ," ಎಂದ ಲಾನಿ, ಬಿಲ್ಲೆಯನ್ನು ಜೇಬಿಗೆ ಹಾಕಿ ಅದರ ಬಟನ್ನು ಬಿಗಿಮಾಡಿಕೊಳ್ಳುತ್ತಾ. ಪಿಕಪ್ಪಿನ ಹತ್ತಿರ ಬಂದ ಮೇಲೆ ನಿಂತು ತಿರುಗಿ ನೋಡಿದ.

"ಶನಿವಾರ ಬೇಗ ಬಾ. ಮತ್ತೆ ನೋಡು, ಬರೋವಾಗ ಜೇಬು ಖಾಲಿ ಮಾಡ್ಕೊಂಡ್ ಬಾ."